ಉಪ್ಪಿನ ಮೇಲೆ ಕಟ್ಟಿದ ಊರು

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಅಧ್ಯಾಪಕರು ನನಗೆ ಅಪ್ಪಣೆ ಮಾಡಿ ಮೂರು ವಾರಗಳಾದುವು. “ವಿದೇಶಕ್ಕೆ ಹೋಗಿ ಬಂದವನು ನಮ್ಮಲ್ಲಿ ನೀನೊಬ್ಬನೇ. ನೀನು ಬರೆಯದಿದ್ದರೆ ಇನ್ನಾರು ಬರೆಯಬೇಕು?” ಎಂಬುದು ಅವರ ವಾದ. ಬರೆಯುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಪರೀಕ್ಷೆಯ ಉತ್ತರಗಳನ್ನು ಬಿಟ್ಟರೆ ಇಷ್ಟು ಉದ್ದವಾಗಿ ನಾನು ಏನನ್ನೂ ಬರೆದವನಲ್ಲ. ಆದುದರಿಂದ ತಪ್ಪುಗಳಿದ್ದರೆ ಅಧ್ಯಾಪಕರೂ ಸಹಪಾಠಿಗಳೂ ಮನ್ನಿಸಬೇಕು.

ಎರಡನೆಯ ವರ್ಷದ ಕೊನೆಯ ಭಾಗದಲ್ಲಿ ವಿದ್ಯಾರ್ಥಿವೇತನವೊಂದು ದೊರೆತು, ಎಸ್ಟೋನಿಯ ದೇಶದ ತಾರ್ತು ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಐದು ತಿಂಗಳು ಇತಿಹಾಸವನ್ನು ಓದುವ ಅವಕಾಶ ನನಗೆ ಬಂದಿತು. ಎಸ್ಟೋನಿಯ ಎಲ್ಲಿದೆಯೆಂದು ಹೊರಡುವ ಮುನ್ನ ನನಗೂ ಸರಿಯಾಗಿ ತಿಳಿದಿರಲಿಲ್ಲ. ಯೂರೋಪಿನ ಭೂಪಟದಲ್ಲಿ ಬಾಲ್ಟಿಕ್ ಸಮುದ್ರದ ಪೂರ್ವ ದಡದಲ್ಲಿ ಮೂರು ಪುಟ್ಟ ದೇಶಗಳು ಒಂದರ ಕೆಳಗೊಂದು ಇವೆ. ಎಲ್ಲಕ್ಕಿಂತ ಮೇಲಿನದೇ ಎಸ್ಟೋನಿಯ. ಇಡೀ ದೇಶದ ಜನಸಂಖ್ಯೆ ಹದಿಮೂರೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದರ ಲೆಕ್ಕವೇ ಹದಿನಾಲ್ಕು ಲಕ್ಷವನ್ನು ಮೀರಿತ್ತು ಎಂದರೆ ಆ ದೇಶದ ಅಳತೆ ವಾಚಕರಿಗೆ ತಿಳಿದೀತು. ಆದರೂ ಅವರದು ಬೇರೆ ಭಾಷೆ, ಬೇರೆ ಪಠ್ಯ, ಬೇರೆ ಹಾಡು. ತಾರ್ತುವಿನ ವಿಶ್ವವಿದ್ಯಾಲಯ 1632ರಲ್ಲಿ ಸ್ಥಾಪನೆಯಾದುದು. 1919ರಿಂದ ಅಲ್ಲಿ ಎಸ್ಟೋನಿಯನ್ ಭಾಷೆಯಲ್ಲೇ ಪಾಠ ಹೇಳತೊಡಗಿದರು. ವೈದ್ಯವನ್ನೂ ಕಾಯಿದೆಯನ್ನೂ ಆ ಭಾಷೆಯಲ್ಲಿ ಓದಬಹುದು. ಆ ಭಾಷೆಯ ವ್ಯಾಕರಣದಲ್ಲಿ ಹದಿನಾಲ್ಕು ವಿಭಕ್ತಿಗಳಿವೆಯಂತೆ! ಏಳು ವಿಭಕ್ತಿಗಳಿಗೇ ಪ್ರಾಥಮಿಕ ಶಾಲೆಯಲ್ಲಿ ಬೆತ್ತದ ಏಟು ತಿಂದಿದ್ದ ನಾನು, ಆ ಭಾಷೆಯನ್ನು ಕಲಿಯುವ ಆಸೆಯನ್ನು ಮೊದಲ ವಾರವೇ ಕೈಬಿಟ್ಟೆ.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ. ತರಗತಿ ಆರಂಭವಾದ ದಿನ ನಾವೆಲ್ಲರೂ ಎದ್ದು ನಿಂತು ನಮ್ಮ ಪರಿಚಯ ಹೇಳಬೇಕಾಯಿತು. ಒಬ್ಬನ ತಂದೆ ವಕೀಲರು, ಇನ್ನೊಬ್ಬಳ ತಾಯಿ ವೈದ್ಯೆ. ನನ್ನ ಸರದಿ ಬಂದಾಗ, “ನಮ್ಮ ತಂದೆಗೆ ಉಪ್ಪಿನ ವ್ಯಾಪಾರ” ಎಂದುಬಿಟ್ಟೆ. ಅದು ಪೂರ್ತಿ ಸುಳ್ಳಲ್ಲ, ನಿಜವೂ ಅಲ್ಲ. ನನ್ನ ತಂದೆತಾಯಿಗಳು ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಕೂಲಿ ಮಾಡುವವರು. ಪುಷ್ಯ ಮಾಘದಿಂದ ಹಿಡಿದು ಮಳೆ ಹಿಡಿಯುವ ತನಕ ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಿಂತು, ಉದ್ದ ಹಿಡಿಯ ಮರದ ಹಲಗೆಯಿಂದ ಉಪ್ಪನ್ನು ಎಳೆದು ರಾಶಿ ಹಾಕುವುದು ಅವರ ಕೆಲಸ. ಮಳೆಗಾಲದಲ್ಲಿ ಬೇರೆಯವರ ಗದ್ದೆಯಲ್ಲಿ ಕೂಲಿ. ಈ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಅಂಕಣದ ಎದುರಿನಲ್ಲಿಯೂ ನಾನು ‘ವ್ಯಾಪಾರ’ ಎಂದೇ ಬರೆದಿದ್ದೆ. ಆ ಅರ್ಜಿ ಈಗಲೂ ಕಚೇರಿಯಲ್ಲಿ ಇರಬಹುದು.

ಏಪ್ರಿಲ್ ತಿಂಗಳ ಕೊನೆಯಲ್ಲಿ ಎರಡು ದಿನ ರಜೆ ಬಂದಾಗ, ನನ್ನ ಕೊಠಡಿಯ ಸಂಗಾತಿ ರಾಜಧಾನಿಯಾದ ತಾಲ್ಲಿನ್ ನಗರವನ್ನು ತೋರಿಸುವೆನೆಂದು ನನ್ನನ್ನು ಹೊರಡಿಸಿದನು. ಅವನೂ ಇತಿಹಾಸದ ವಿದ್ಯಾರ್ಥಿ. ಅವನ ಅಜ್ಜಿ ತಾಲ್ಲಿನ್ನಿನಲ್ಲಿಯೇ ಇರುವುದರಿಂದ ಉಳಿಯುವ ಖರ್ಚು ಇರಲಿಲ್ಲ. ಇಲ್ಲವಾದರೆ ನಾನು ಹೊರಡುತ್ತಿರಲಿಲ್ಲ. ತಾರ್ತುವಿನಿಂದ ತಾಲ್ಲಿನ್ನಿಗೆ ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ರೈಲಿನ ಬಣ್ಣ ಕಿತ್ತಳೆಯಾದುದರಿಂದ ಅಲ್ಲಿಯ ಜನ ಅದನ್ನು ‘ಗಜ್ಜರಿ’ ಎಂದು ಕರೆಯುತ್ತಾರೆ. ದಾರಿಯುದ್ದಕ್ಕೂ ಭೂರ್ಜದ ಮರಗಳ ಕಾಡು, ಜೌಗು ನೆಲ, ನಡುನಡುವೆ ಒಂದೊಂದು ಮನೆ. ಬೆಟ್ಟವೆಂಬುದು ಕಣ್ಣಿಗೆ ಬೀಳಲಿಲ್ಲ. ಘಟ್ಟದ ಕೆಳಗಿನವನಾದ ನನಗೆ ಪೂರ್ವ ದಿಕ್ಕಿನಲ್ಲಿ ಗುಡ್ಡವಿಲ್ಲದ ಆಕಾಶ ಎಲ್ಲೋ ಬಾಗಿಲು ಹಾಕದೆ ಬಿಟ್ಟ ಮನೆಯಂತೆ ಕಂಡಿತು.

ರೈಲು ನಿಲ್ದಾಣದಿಂದ ಹೊರಗೆ ಬಂದೊಡನೆ ಎದುರಿಗೇ ಹಳೆಯ ಪಟ್ಟಣದ ಕೋಟೆಗೋಡೆ. ಸುಮಾರು ಎರಡು ಕಿಲೋಮೀಟರಿನಷ್ಟು ಗೋಡೆಯೂ ಇಪ್ಪತ್ತಕ್ಕಿಂತ ಹೆಚ್ಚು ಬುರುಜುಗಳೂ ಇನ್ನೂ ಉಳಿದಿವೆ. 1997ರಲ್ಲಿ ಯುನೆಸ್ಕೋ ಸಂಸ್ಥೆಯವರು ಈ ಹಳೆಯ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಒಂದು ದೊಡ್ಡ ಬುರುಜಿಗೆ ‘ಅಡಿಗೆಮನೆಯಲ್ಲಿ ಇಣುಕು’ ಎಂಬ ಅರ್ಥದ ಹೆಸರಿದೆ. ಅದರ ಮೇಲೆ ನಿಂತ ಸಿಪಾಯಿಗಳಿಗೆ ಕೆಳಗಿನ ಮನೆಗಳ ಅಡಿಗೆಮನೆ ಕಾಣುತ್ತಿತ್ತಂತೆ. ಯಾವ ದೇಶವಾದರೇನು, ಸಿಪಾಯಿಗಳಿಗೆ ಹಸಿವು ಒಂದೇ.

ತಾಲ್ಲಿನ್ ಎಂಬುದು ಒಂದು ಊರಲ್ಲ, ಎರಡು ಊರು. ಗುಡ್ಡದ ಮೇಲೆ ತೋಂಪೆಯಾ ಎಂಬ ಮೇಲಿನ ಪಟ್ಟಣ. ಅಲ್ಲಿ ಕೋಟೆ, ಬಿಷಪ್ಪರ ಚರ್ಚು, ಜಮೀನುದಾರರ ಮನೆಗಳು. ಗುಡ್ಡದ ಕೆಳಗೆ ವರ್ತಕರ ಮತ್ತು ಕಸುಬಿನವರ ಪಟ್ಟಣ. ಇವೆರಡಕ್ಕೂ ಬೇರೆ ಬೇರೆ ಆಡಳಿತ, ಬೇರೆ ಬೇರೆ ಕಾಯಿದೆ; ನಡುವೆ ಒಂದು ಗೋಡೆ. ರಾತ್ರಿ ಬಾಗಿಲು ಹಾಕುತ್ತಿದ್ದರು. ಮೇಲಕ್ಕೆ ಹತ್ತಲು ಎರಡು ದಾರಿಗಳು: ಒಂದರ ಹೆಸರು ‘ಉದ್ದ ಕಾಲು’, ಇನ್ನೊಂದರ ಹೆಸರು ‘ಗಿಡ್ಡ ಕಾಲು’. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡವಾದುದರಿಂದ ತಾಲ್ಲಿನ್ ಕುಂಟುತ್ತಲೇ ನಡೆಯುತ್ತದೆ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ.

ಈ ಊರನ್ನು ಆಳದೆ ಬಿಟ್ಟವರು ಯಾರು ಎಂದು ಕೇಳುವುದೇ ಸುಲಭ. 1219ರಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ವಾಲ್ಡೆಮಾರ್ ಬಂದು ಹಿಡಿದನು. ‘ಡೇನರ ಊರು’ ಎಂಬ ಅರ್ಥದ ಮಾತೇ ತಾಲ್ಲಿನ್ ಎಂದಾಯಿತೆಂದು ಹೇಳುತ್ತಾರೆ. 1346ರಲ್ಲಿ ಡೇನರು ಈ ಸೀಮೆಯನ್ನು ಜರ್ಮನ್ ಧರ್ಮಯೋಧರ ಸಂಘಕ್ಕೆ ಮಾರಿಬಿಟ್ಟರು. 1561ರಲ್ಲಿ ಸ್ವೀಡನ್ನಿನ ವಶ, 1710ರಲ್ಲಿ ರಷ್ಯದ ವಶ. 1918ರಲ್ಲಿ ಸ್ವಾತಂತ್ರ್ಯವನ್ನು ಸಾರಿದರು. 1940ರಲ್ಲಿ ಸೋವಿಯತ್ ಸೈನ್ಯ ಬಂದಿತು, ಮರುವರ್ಷ ಜರ್ಮನರು ಬಂದರು, 1944ರಲ್ಲಿ ಮತ್ತೆ ಸೋವಿಯತ್ತಿನವರು. 1991ರ ಆಗಸ್ಟ್ 20ರಂದು ಸ್ವಾತಂತ್ರ್ಯ ಮರಳಿತು. ಪರೀಕ್ಷೆಯಲ್ಲಿ ಐದು ಅಂಕಗಳ ಪ್ರಶ್ನೆಗೆ ಇಷ್ಟು ಸಾಕು. ಆದರೆ ಆಳಿದವರು ಬದಲಾದಾಗಲೂ ಊರು ಬದುಕಿದುದು ಯಾವುದರಿಂದ ಎಂಬುದು ಆ ತಾರೀಖುಗಳಲ್ಲಿ ಇಲ್ಲ.

ಕೆಳಪಟ್ಟಣದ ನಡುವೆ ಪುರಭವನದ ಚೌಕವಿದೆ. ಪುರಭವನ 1404ರಲ್ಲಿ ಮುಗಿದುದು. ಅದರ ಶಿಖರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಒಬ್ಬ ಪುಟ್ಟ ಸಿಪಾಯಿ 1530ರಿಂದ ಕಾವಲು ನಿಂತಿದ್ದಾನೆ. ಚೌಕದ ಮೂಲೆಯಲ್ಲಿ ಒಂದು ಔಷಧದ ಅಂಗಡಿ. 1422ರ ದಾಖಲೆಯಲ್ಲಿಯೇ ಅದರ ಹೆಸರಿದೆ. ಇಂದಿಗೂ ಅಲ್ಲಿ ಔಷಧ ಮಾರುತ್ತಾರೆ. ನಾನು ತಲೆನೋವಿನ ಮಾತ್ರೆ ಕೊಳ್ಳೋಣವೆಂದಿದ್ದೆ. ತಲೆ ನೋಯುತ್ತಿರಲಿಲ್ಲವಾದುದರಿಂದ ಹಣ ಉಳಿಯಿತು. ಚೌಕದಲ್ಲಿ ಹಿಂದೆ ತೂಕದ ಮನೆಯೊಂದಿದ್ದಿತು. 1944ರ ಮಾರ್ಚ್ 9ರ ರಾತ್ರಿ ಸೋವಿಯತ್ ವಿಮಾನಗಳು ಬಾಂಬು ಹಾಕಿದಾಗ ಅದು ಹಾಳಾಗಿ, ಅನಂತರ ಅದನ್ನು ಕೆಡವಿದರು. ಅದೇ ರಾತ್ರಿ ಸುಟ್ಟ ಸಂತ ನಿಕೋಲಾಸರ ಚರ್ಚು ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಹದಿನೈದನೆಯ ಶತಮಾನದ ಕೊನೆಯ ಒಂದು ದೊಡ್ಡ ಚಿತ್ರವಿದೆ. ಬರೆದವನು ಬೆರ್ನ್ಟ್ ನೋಟ್ಕೆ. ಮೃತ್ಯುವು ಅಸ್ಥಿಪಂಜರದ ರೂಪದಲ್ಲಿ ಪೋಪ್, ಚಕ್ರವರ್ತಿ, ಚಕ್ರವರ್ತಿನಿ, ಕಾರ್ಡಿನಲ್, ರಾಜ ಇವರ ಕೈಹಿಡಿದು ಕುಣಿಸುತ್ತಾ ಕರೆದೊಯ್ಯುವ ಚಿತ್ರ. ಉಳಿದಿರುವುದು ಮೊದಲಿನ ಭಾಗ ಮಾತ್ರ. ರಾಜನ ಹತ್ತಿರ ಬಂದಾಗ ಬಟ್ಟೆ ಮುಗಿದುಹೋಗುತ್ತದೆ. ಕೂಲಿಯವರ ಸರದಿ ಬರುವುದೇ ಇಲ್ಲ.

ಅಲ್ಲಿಂದ ‘ಉದ್ದ ಬೀದಿ’ಗೆ ಹೋದೆವು. ಬೀದಿಯ ಎರಡು ಕಡೆಗಳಲ್ಲಿಯೂ ವರ್ತಕರ ಹಳೆಯ ಮನೆಗಳು. ಎತ್ತರವಾದ ಚೂಪು ಮಾಡು. ಮಾಡಿನ ಕೆಳಗೆ ಗೋಡೆಯಿಂದ ಹೊರಗೆ ಚಾಚಿದ ಒಂದು ತೊಲೆ. ಆ ತೊಲೆಗೆ ಹಗ್ಗ ಕಟ್ಟಿ ಸರಕಿನ ಮೂಟೆಗಳನ್ನು ಮೇಲಿನ ಅಟ್ಟಗಳಿಗೆ ಎಳೆಯುತ್ತಿದ್ದರು. ಕೆಳಗೆ ವಾಸ, ಮೇಲೆ ಉಗ್ರಾಣ. ಇಂಥ ಮನೆಗಳನ್ನು ಕಟ್ಟಿದ ಹಣ ಎಲ್ಲಿಂದ ಬಂದಿತೆಂದು ನಾನು ಕೇಳಿದೆ. “ಉಪ್ಪಿನಿಂದ. ತಾಲ್ಲಿನ್ ಉಪ್ಪಿನ ಮೇಲೆ ಕಟ್ಟಿದ ಊರು ಎಂದೇ ನಮ್ಮಲ್ಲಿ ಮಾತಿದೆ” ಎಂದನು ಗೆಳೆಯ. ನಾನು ಅವನ ಮುಖವನ್ನೇ ನೋಡಿದೆ.

ಸಂಗತಿ ಹೀಗೆ. ಹದಿಮೂರನೆಯ ಶತಮಾನದಿಂದ ಉತ್ತರ ಯೂರೋಪಿನ ವ್ಯಾಪಾರವೆಲ್ಲ ಹಾನ್ಸಾ ಎಂಬ ವರ್ತಕ ಪಟ್ಟಣಗಳ ಒಕ್ಕೂಟದ ಕೈಯಲ್ಲಿದ್ದಿತು. ಲ್ಯೂಬೆಕ್ ಅದರ ಮುಖ್ಯ ಪಟ್ಟಣ. ತಾಲ್ಲಿನ್ ಅದರ ಪೂರ್ವದ ಬಾಗಿಲುಗಳಲ್ಲೊಂದು. ಆಗ ಈ ಊರಿಗೆ ರೇವಾಲ್ ಎಂದು ಹೆಸರು. ಪಶ್ಚಿಮದಿಂದ ಹಡಗುಗಳಲ್ಲಿ ಉಪ್ಪು ಬರುತ್ತಿತ್ತು; ಇಲ್ಲಿಂದ ರಷ್ಯದ ನೋವ್ಗೊರೋದ್ ಕಡೆಗೆ ಹೋಗುತ್ತಿತ್ತು. ಅಲ್ಲಿಂದ ಮರಳಿ ಬರುತ್ತಿದ್ದುದು ತುಪ್ಪುಳದ ಚರ್ಮ ಮತ್ತು ಮೇಣ. ಚರ್ಮ ಸಿರಿವಂತರ ಅಂಗಿಗೆ, ಮೇಣ ಚರ್ಚಿನ ದೀಪಕ್ಕೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ದೇಶದಲ್ಲಿ ಮೀನನ್ನೂ ಮಾಂಸವನ್ನೂ ಉಪ್ಪು ಹಾಕಿ ಕೂಡಿಡದಿದ್ದರೆ ಜನ ಬದುಕುವ ಹಾಗಿರಲಿಲ್ಲ. ಜರ್ಮನಿಯ ಲ್ಯೂನೆಬುರ್ಗ್ ಎಂಬಲ್ಲಿ ನೆಲದಡಿಯಿಂದ ಉಪ್ಪುನೀರು ಬರುತ್ತದೆ. ಅದನ್ನು ಕಟ್ಟಿಗೆ ಉರಿಸಿ ಕುದಿಸಿ ಉಪ್ಪು ತೆಗೆದು ಲ್ಯೂಬೆಕ್ಕಿಗೆ ತರುತ್ತಿದ್ದರು. ಅದಕ್ಕಾಗಿಯೇ ತೋಡಿದ ಕಾಲುವೆಯೊಂದು 1398ರಲ್ಲಿ ಮುಗಿಯಿತು. ಮುಂದೆ ಫ್ರಾನ್ಸಿನ ಪಶ್ಚಿಮ ಕರಾವಳಿಯಿಂದ ಬಿಸಿಲಿನಲ್ಲಿ ಒಣಗಿಸಿದ ಅಗ್ಗದ ಉಪ್ಪು ಬರತೊಡಗಿತು. ಅಲ್ಲಿಯದು ನಮ್ಮ ಆಗರದ ಕ್ರಮವೇ.

ಅದೇ ಬೀದಿಯಲ್ಲಿ ‘ಮಹಾ ಗಿಲ್ಡ್’ ಎಂಬ ದೊಡ್ಡ ವರ್ತಕರ ಸಂಘದ ಸಭಾಭವನವಿದೆ; 1410ರಲ್ಲಿ ಮುಗಿದ ಕಟ್ಟಡ. ಈಗ ಅದರಲ್ಲಿ ಇತಿಹಾಸದ ವಸ್ತುಸಂಗ್ರಹಾಲಯವಿದೆ. ಬಾಗಿಲಲ್ಲಿ ಟಿಕೇಟು ಕೊಡುವ ಹೆಂಗಸಿಗೆ ನನ್ನ ಗೆಳೆಯ ನಗುತ್ತಾ ಏನೋ ಹೇಳಿದನು. ಅವರೂ ನಕ್ಕು ನನಗೆ ತಲೆಬಾಗಿ ವಂದಿಸಿದರು. ಏನು ಹೇಳಿದೆಯೆಂದು ಕೇಳಿದರೆ, “ಇವನ ತಂದೆ ಇಂಡಿಯಾದಲ್ಲಿ ಉಪ್ಪಿನ ವರ್ತಕರು. ಐದುನೂರು ವರ್ಷ ಮೊದಲು ಬಂದಿದ್ದರೆ ಈ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕುಳಿತಿರುತ್ತಿದ್ದರು ಎಂದೆ” ಎಂದನು. ಅವನಿಗೆ ಅದು ತಮಾಷೆ. ನನಗೆ ಒಳಗಿನ ಯಾವ ವಸ್ತುವೂ ಸರಿಯಾಗಿ ಕಾಣಿಸಲಿಲ್ಲ. ಬೆಳ್ಳಿಯ ಲೋಟಗಳು, ನಾಣ್ಯಗಳು, ಕತ್ತಿಗಳು ಇದ್ದುವೆಂದು ನೆನಪು.

ಆ ರಾತ್ರಿ ಅಜ್ಜಿಯ ಮನೆ. ಊರ ಹೊರಗೆ ಸೋವಿಯತ್ ಕಾಲದಲ್ಲಿ ಕಟ್ಟಿದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಅನೇಕ ಮಹಡಿಗಳ ಮನೆಸಾಲು. ಒಂಬತ್ತು ಗಂಟೆಯಾದರೂ ಹೊರಗೆ ಬೆಳಕು. ಅಜ್ಜಿ ಕಪ್ಪು ರೊಟ್ಟಿ, ಬೆಣ್ಣೆ, ಬೇಯಿಸಿದ ಬಟಾಟೆ, ಉಪ್ಪು ಹಾಕಿದ ಸಣ್ಣ ಮೀನು ಬಡಿಸಿದರು. ಉಪ್ಪುಮೀನು ಬಾಯಿಗೆ ಬಿದ್ದೊಡನೆ ನನಗೆ ನಮ್ಮ ಮನೆಯ ಮಳೆಗಾಲದ ಗಂಜಿಯ ನೆನಪಾಯಿತು. ಆ ದೇಶದಲ್ಲಿ ಹೊಸ ಮನೆಗೆ ಹೋಗುವಾಗ ನೆಂಟರು ಉಪ್ಪನ್ನೂ ರೊಟ್ಟಿಯನ್ನೂ ಒಯ್ಯುತ್ತಾರೆ. ಗೃಹಪ್ರವೇಶದ ಊಟಕ್ಕೆ ಹೆಸರೇ ‘ಉಪ್ಪುರೊಟ್ಟಿ’. ಅದನ್ನು ಅಜ್ಜಿ ಹೇಳುತ್ತಿದ್ದರು, ಮೊಮ್ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದನು. ಮಾತಿನ ನಡುವೆ ಅವನು ನನ್ನ ತಂದೆಯ ವ್ಯಾಪಾರದ ವಿಷಯವನ್ನೂ ಹೇಳಿದನು. ಅಜ್ಜಿ ಕುತೂಹಲದಿಂದ ನನ್ನ ಕಡೆಗೆ ತಿರುಗಿದರು. ಉಪ್ಪು ತಿಂದ ಬಾಯಲ್ಲಿ ಆ ಮಾತನ್ನು ಇನ್ನೊಮ್ಮೆ ಆಡಲು ನನಗೆ ಸಾಧ್ಯವಾಗಲಿಲ್ಲ. ದೂರವಾಣಿಯಲ್ಲಿದ್ದ ಒಂದು ಚಿತ್ರವನ್ನು ತೆಗೆದು ಮೇಜಿನ ಮೇಲಿಟ್ಟೆ. ಅದರಲ್ಲಿ ನನ್ನ ತಾಯಿ ಆಗರದಲ್ಲಿ ಮೊಣಕಾಲವರೆಗೆ ಸೀರೆ ಎತ್ತಿಕಟ್ಟಿ, ತಲೆಯ ಮೇಲೆ ಉಪ್ಪಿನ ಬುಟ್ಟಿ ಹೊತ್ತು ನಿಂತಿದ್ದಾಳೆ. ಹಿಂದೆ ತಂದೆ ಹಲಗೆ ಹಿಡಿದಿದ್ದಾರೆ. “ಇವರೇ” ಎಂದೆ. “ವರ್ತಕರಲ್ಲ.”

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ, “ಆ ಗಿಲ್ಡಿನೊಳಕ್ಕೆ ನಮ್ಮವರನ್ನೂ ಬಿಡುತ್ತಿರಲಿಲ್ಲ” ಎಂದನು. ಅದೂ ನಿಜವೇ. ದೊಡ್ಡ ವರ್ತಕರೆಲ್ಲ ಜರ್ಮನರು. ಎಸ್ಟೋನಿಯದ ಜನ ಆಗಿನ ಕಾಗದಪತ್ರಗಳಲ್ಲಿ ‘ಜರ್ಮನರಲ್ಲದವರು’ ಎಂದಷ್ಟೇ ಬರುತ್ತಾರೆ. ಹಡಗಿನಿಂದ ದಡಕ್ಕೆ ಸರಕು ಸಾಗಿಸುವವರು, ಮೂಟೆ ಹೊರುವವರು, ಗಾಡಿ ಹೊಡೆಯುವವರು, ಕಲ್ಲು ಕಟ್ಟುವವರು ಅವರು. ಆ ತೊಲೆಯ ಹಗ್ಗವನ್ನು ಕೆಳಗೆ ನಿಂತು ಎಳೆದವರೂ ಅವರೇ ಇರಬೇಕು. ಅಜ್ಜಿ ಮಾತ್ರ ಇದಾವುದನ್ನೂ ಕೇಳುತ್ತಿರಲಿಲ್ಲ. ಅವರು ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನನ್ನ ತಾಯಿಯ ಪಾದಗಳನ್ನು ನೋಡುತ್ತಿದ್ದರು. ಅವರು ಹರೆಯದಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವರು. ಉಪ್ಪುನೀರಿನಲ್ಲಿ ಕೈ ಬಿರಿಯುವುದು ಅವರಿಗೆ ಗೊತ್ತು. “ರಾತ್ರಿ ಕಾಲಿಗೆ ಏನು ಹಚ್ಚುತ್ತಾರೆ?” ಎಂದು ಕೇಳಿದರು. ತೆಂಗಿನೆಣ್ಣೆ ಎಂದೆ. ತಮ್ಮ ಕಾಲದಲ್ಲಿ ಕೊಬ್ಬು ಹಚ್ಚುತ್ತಿದ್ದೆವು, ವಾಸನೆ ಹೋಗುತ್ತಿರಲಿಲ್ಲ ಎಂದು ನಕ್ಕರು.

ಮರುದಿನ ಅಜ್ಜಿಯೂ ನಮ್ಮೊಡನೆ ಹೊರಟರು. ಊರ ಪೂರ್ವಕ್ಕೆ ಸಮುದ್ರದ ಸಮೀಪದಲ್ಲಿ ಹಾಡಿನ ಮೈದಾನವೆಂಬುದಿದೆ. ಇಳಿಜಾರಾದ ದೊಡ್ಡ ಹುಲ್ಲುಗಾವಲು. ಅದರ ಕೆಳತುದಿಯಲ್ಲಿ ಚಿಪ್ಪಿನಂತೆ ಬಾಗಿದ ಭಾರಿ ಕಮಾನು. ಅದನ್ನು ಕಟ್ಟಿದುದು 1960ರಲ್ಲಿ. ಎಸ್ಟೋನಿಯದವರ ಹಾಡಿನ ಹಬ್ಬ 1869ರಲ್ಲಿ ತಾರ್ತುವಿನಲ್ಲಿ ಪ್ರಾರಂಭವಾದುದು. ಈಗ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಇಲ್ಲಿ ನಡೆಯುತ್ತದೆ. ಹಳ್ಳಿಹಳ್ಳಿಗಳಿಂದ ಬಂದ ಸಾವಿರ ಸಾವಿರ ಜನ ಒಂದೇ ಮೇಳವಾಗಿ ಹಾಡುತ್ತಾರೆ. ಲಿಡಿಯಾ ಕೊಯ್ದುಲಾ ಎಂಬ ಕವಯಿತ್ರಿಯ ಒಂದು ದೇಶಭಕ್ತಿಯ ಪದ್ಯಕ್ಕೆ ಗುಸ್ತಾವ್ ಎರ್ನೆಸಾಕ್ಸ್ ಎಂಬವರು 1944ರಲ್ಲಿ ರಾಗ ಹಾಕಿದರು. ಸೋವಿಯತ್ ಅಧಿಕಾರಿಗಳು ಐವತ್ತರ ದಶಕದಲ್ಲಿ ಅದನ್ನು ಕಾರ್ಯಕ್ರಮದಿಂದ ತೆಗೆದುಹಾಕಿದ್ದರು. 1960ರ ಹಬ್ಬದ ಕೊನೆಗೆ, ಯಾರೂ ಹೇಳದೆ, ಮೇಳದವರು ತಾವೇ ಅದನ್ನು ಎತ್ತಿಕೊಂಡರು. ಎರ್ನೆಸಾಕ್ಸರ ಕಂಚಿನ ವಿಗ್ರಹ ಇಳಿಜಾರಿನ ಮೇಲೆ ಕುಳಿತಿದೆ. ಮಕ್ಕಳು ಅದರ ತೊಡೆಯ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುತ್ತಾರೆ.

1988ರ ಬೇಸಗೆಯಲ್ಲಿ ಜನ ರಾತ್ರಿಯೆಲ್ಲ ಇಲ್ಲಿ ನಿಂತು ಹಾಡಿದರು. ಆ ವರ್ಷದ ಸೆಪ್ಟೆಂಬರ್ 11ರಂದು ಸೇರಿದವರು ಮೂರು ಲಕ್ಷದಷ್ಟೆಂದು ಹೇಳುವುದುಂಟು. ಇದಕ್ಕೆ ‘ಹಾಡುವ ಕ್ರಾಂತಿ’ ಎಂದೇ ಹೆಸರಾಯಿತು. ಮರುವರ್ಷ ಆಗಸ್ಟ್ 23ರಂದು, ಹಿಟ್ಲರ್ ಮತ್ತು ಸ್ಟಾಲಿನ್ನರ ಸರ್ಕಾರಗಳು ಈ ದೇಶಗಳನ್ನು ಗುಟ್ಟಾಗಿ ಹಂಚಿಕೊಂಡು ಐವತ್ತು ವರ್ಷವಾದ ದಿನ, ತಾಲ್ಲಿನ್ನಿನಿಂದ ವಿಲ್ನಿಯಸ್ ತನಕ ಆರುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ ಸುಮಾರು ಇಪ್ಪತ್ತು ಲಕ್ಷ ಜನ ಕೈಗೆ ಕೈ ಹಿಡಿದು ನಿಂತರು. ಅಜ್ಜಿ 1988ರಲ್ಲಿ ಆರು ವರ್ಷದ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದರಂತೆ. ಎಲ್ಲಿ ನಿಂತಿದ್ದಿರಿ ಎಂದು ಕೇಳಿದರೆ ಒಂದು ಮರವನ್ನು ತೋರಿಸಿದರು. ಭಯವಾಗಲಿಲ್ಲವೇ ಎಂದರೆ, “ಮಗು ಮೂತ್ರಕ್ಕೆ ಹೋಗಬೇಕೆಂದು ಅಳುತ್ತಿತ್ತು, ಭಯಪಡಲು ಪುರಸೊತ್ತು ಎಲ್ಲಿ?” ಎಂದರು. ನಾನು ಅವರಿಗೆ 1930ರ ಏಪ್ರಿಲ್ ತಿಂಗಳಲ್ಲಿ ನಮ್ಮ ಅಂಕೋಲೆಯ ಜನ ಉಪ್ಪಿನ ಕಾಯಿದೆಯನ್ನು ಮುರಿದುದನ್ನು ಹೇಳಿದೆ. ಉಪ್ಪಿಗೆ ತೆರಿಗೆಯೇ ಎಂದು ಅವರಿಗೆ ಆಶ್ಚರ್ಯ. ಹಾಡಿಗೆ ನಿಷೇಧವೇ ಎಂದು ನನಗೆ ಆಶ್ಚರ್ಯ.

ಮೈದಾನದಿಂದ ದಡಕ್ಕೆ ಇಳಿದರೆ ರುಸಾಲ್ಕಾ ಎಂಬ ಸ್ಮಾರಕ. 1893ರಲ್ಲಿ ಮುಳುಗಿದ ಯುದ್ಧನೌಕೆಯ ನಾವಿಕರಿಗಾಗಿ 1902ರಲ್ಲಿ ನಿಲ್ಲಿಸಿದುದು. ಅದರಾಚೆ ಬೂದು ಬಣ್ಣದ ಸಮುದ್ರ. ಕಡಲ ಕರೆಯವನಾದ ನನಗೆ ಆ ಸಮುದ್ರದಲ್ಲಿ ಏನೋ ಕೊರತೆ ಇದೆಯೆಂದು ತೋರಿತು. ವಾಸನೆಯೇ ಇರಲಿಲ್ಲ. ಕಲ್ಲಿನ ಮೇಲೆ ಕುಳಿತು ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿದೆ. ಉಪ್ಪೇ ಇಲ್ಲ! ಅಡಿಗೆಯಲ್ಲಿ ಉಪ್ಪು ಕಡಿಮೆಯಾದ ಸಾರಿನಷ್ಟು ಮಾತ್ರ ರುಚಿ. ಗೆಳೆಯನಿಗೆ ಇದೊಂದು ವಿಶೇಷವೆಂದೇ ಅನ್ನಿಸಲಿಲ್ಲ. ಅವನ ಪಾಲಿಗೆ ಸಮುದ್ರವೆಂದರೆ ಹೀಗೆಯೇ.

ಸಂಜೆ ರೈಲು ಹೊರಡುವ ಮೊದಲು ಮನೆಗೆ ದೂರವಾಣಿ ಮಾಡಿದೆ. ಅಲ್ಲಿ ಆರು ಗಂಟೆ, ಇಲ್ಲಿ ಎಂಟೂವರೆ. ತಂದೆ ಊಟ ಮುಗಿಸಿ ಕುಳಿತಿದ್ದರು.

“ಸಮುದ್ರ ಕಂಡ್ಯಾ ತಮಾ?”

“ಕಂಡೆ ಅಪ್ಪಾ. ನೀರಿನಲ್ಲಿ ಉಪ್ಪಿಲ್ಲ.”

“ಹಂಗಾದ್ರೆ ಹೊಳೆ ಇರಬೇಕು.”

“ಹೊಳೆಯಲ್ಲ, ಸಮುದ್ರವೇ. ಹಡಗು ಓಡಾಡ್ತವೆ.”

ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅದಕ್ಕೆ ಹೊಳೆ ಬಹಳ ಕೂಡ್ತಿರಬೇಕು. ಅಳಿವೆಯ ಬಾಯಿ ಸಣ್ಣದಿರಬೇಕು. ಮಳೆಗಾಲದಲ್ಲಿ ನಮ್ಮ ಹೊಳೆ ಸಪ್ಪೆ ಆಗೂದಿಲ್ವಾ, ಹಂಗೆ. ಬಿಸಿಲೂ ಕಡಿಮೆ ಅಂತಿ. ಭರತ ಎಷ್ಟು ಏರ್ತದೆ ನೋಡಿದ್ಯಾ?” ಎಂದರು.

ಭರತವನ್ನು ನಾನು ನೋಡಿರಲಿಲ್ಲ. ತಾರ್ತುವಿಗೆ ಹಿಂದಿರುಗಿ ಗ್ರಂಥಾಲಯದಲ್ಲಿ ಪುಸ್ತಕ ತೆಗೆದೆ. ಬಾಲ್ಟಿಕ್ ಸಮುದ್ರಕ್ಕೆ ಸುತ್ತಲಿನಿಂದ ನೂರಾರು ನದಿಗಳು ಬಂದು ಸೇರುತ್ತವೆ. ಮಹಾಸಾಗರಕ್ಕೆ ಇರುವ ಬಾಯಿ ಎಂದರೆ ಡೆನ್ಮಾರ್ಕಿನ ಹತ್ತಿರದ ಇಕ್ಕಟ್ಟಾದ, ಆಳವಿಲ್ಲದ ಜಲಸಂಧಿಗಳು ಮಾತ್ರ. ಚಳಿಯ ದೆಸೆಯಿಂದ ನೀರು ಆವಿಯಾಗುವುದೂ ಕಡಿಮೆ. ಮಹಾಸಾಗರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ತಾಲ್ಲಿನ್ನಿನ ಬಳಿ ಇರುವುದು 6 ಗ್ರಾಮಿನ ಆಸುಪಾಸು. ಭರತ ಇಳಿತಗಳು ಕೆಲವೇ ಸೆಂಟಿಮೀಟರು. ನಮ್ಮಲ್ಲಿ ಭರತದ ಹೊತ್ತಿಗೆ ಹೊಳೆಯ ನೀರನ್ನು ತೂಬಿನಿಂದ ಆಗರಕ್ಕೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹರಿಸಿ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಉಪ್ಪೂ ಭರತವೂ ಬಿಸಿಲೂ ಮೂರೂ ಇಲ್ಲದ ಕರಾವಳಿಯಲ್ಲಿ ಆಗರ ಮಾಡುವುದೆಲ್ಲಿಂದ ಬಂತು? ಆದುದರಿಂದಲೇ ಹಡಗು, ಆದುದರಿಂದಲೇ ಗಿಲ್ಡು, ಆ ಚೂಪು ಮಾಡಿನ ಮನೆಗಳು. ನಮ್ಮ ಪಠ್ಯಪುಸ್ತಕದ ಹಾನ್ಸಾ ಅಧ್ಯಾಯದಲ್ಲಿ ಉಪ್ಪಿನ ಹೆಸರು ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಅದು ಏಕೆ ಬರಬೇಕಾಯಿತೆಂದು ಬರೆದಿಲ್ಲ.

ದೂರವಾಣಿಯಲ್ಲಿ ತಂದೆ ಇನ್ನೊಂದು ಪ್ರಶ್ನೆ ಕೇಳಿದ್ದರು: “ಅಲ್ಲಿ ಉಪ್ಪಿಗೆ ಕಿಲೋಕ್ಕೆ ಎಷ್ಟು?” ಹಿಂದಿನ ದಿನ ಅಂಗಡಿಯಲ್ಲಿ ನೋಡಿದ ಪೊಟ್ಟಣದ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಹೇಳಿದೆ. “ಅಷ್ಟಾ?” ಎಂದರು. ಆಮೇಲೆ ಒಳಗಿದ್ದ ಅಮ್ಮನನ್ನು ಕೂಗಿ ಕರೆದು ಆ ಬೆಲೆಯನ್ನು ಅವಳಿಗೂ ಹೇಳಿದುದು ನನಗೆ ಕೇಳಿಸಿತು.